ಮಣ್ಣಿಗೆ ಬಂದವರು

1972ನೇ ಇಸವಿ ಜೂನ್ ಒಂಬತ್ತು, ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ದೇವನಹಳ್ಳಿ ಕಡೆಯ ಬಸ್ಸು ಆದಿನಾರಾಯಣಪ್ಪನನ್ನು ಕುಂದಾಣದಲ್ಲಿ ಇಳಿಸಿ, ಕೆಂಧೂಳೆಬ್ಬಿಸಿಕೊಂಡು ಮುಂದೆ ಹೋಯಿತು. ಅವನ ಒಂದು ಕೈಯಲ್ಲಿ ಮಂಜುಗಡ್ಡೆ ತುಂಬಿದ ಅಗಲ ಬಾಯಿಯ ಫ್ಲಾಸ್ಕು, ಹೆಗಲಲ್ಲಿ ಕ್ಯಾನ್ವಾಸ್ ಚೀಲ, ಇನ್ನೊಂದು ಕೈಯಲ್ಲಿ ತಿರುಪು ಮೂತಿಯ ಕಬ್ಬಿಣದ ಕೋಲು. ಆ ಕೋಲನ್ನು ನೆಲಕ್ಕೆ ತಿರುವಿ ಇಳಿಸಿದರೆ ಗೇಣುದ್ದದ ಮಣ್ಣು ಮುರಿಯದೆ ಮೇಲೆ ಬರುತ್ತಿತ್ತು; ಮಂಜುಗಡ್ಡೆ ಅದನ್ನು ತಂಪಾಗಿ ಒಯ್ಯಲು. ಬಸ್ಸಿನಲ್ಲಿ ಪಕ್ಕ ಕೂತಿದ್ದ ಮುದುಕ ಆ ಕೋಲನ್ನು ತಡವಿ ನೋಡಿ, "ಬೋರ್ ಹಾಕೋದಾ ಇದು? ಇಷ್ಟ್ ಗಿಡ್ಡಕೈತೆ, ಯಾವಾಗ ನೀರು ಸಿಗೋದು?" ಎಂದು ನಕ್ಕಿದ್ದ.

ಆದಿನಾರಾಯಣಪ್ಪನ ಕೆಲಸ ನೀರು ಹುಡುಕುವುದಲ್ಲ, ಮಣ್ಣಿನೊಳಗಿನ ಜೀವಗಳನ್ನು ಎಣಿಸುವುದು. ಹೊಸಕೋಟೆ ಕಡೆಯ ಬೇಸಾಯಗಾರರ ಮನೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕೃಷಿ ಓದಿ, ಅಲ್ಲೇ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ. ಅವರೆ, ತೊಗರಿ, ಹುರುಳಿಯಂಥ ಗಿಡಗಳ ಬೇರಿನಲ್ಲಿ ಸಣ್ಣ ಗಂಟುಗಳಾಗುತ್ತವೆ. ಆ ಗಂಟಿನೊಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಸರ್ಕಾರ ಆಗಷ್ಟೇ ತಂದು ಪರಿಚಯಿಸುತ್ತಿದ್ದ ಸೋಯಾ ಅವರೆಗೆ ಬೇಕಾದ ಬ್ಯಾಕ್ಟೀರಿಯಾ ಮಾತ್ರ ಈ ಸೀಮೆಯ ಮಣ್ಣಿನಲ್ಲಿ ಇರಲಿಲ್ಲ. ಅದನ್ನು ಕಪ್ಪು ಪುಡಿಯ ಪೊಟ್ಟಣದಲ್ಲಿ ತಂದು, ಬೆಲ್ಲದ ನೀರಲ್ಲಿ ಕಲಸಿ, ಬೀಜಕ್ಕೆ ಮೆತ್ತಿ, ನೆರಳಲ್ಲಿ ಆರಿಸಿ ಬಿತ್ತಬೇಕಿತ್ತು. ಒಮ್ಮೆ ಬಿತ್ತಿದರೆ ಅದು ಈ ಕೆಂಪು ಮಣ್ಣಿನ ಬೇಸಿಗೆಯನ್ನು ತಾನಾಗಿ ದಾಟಿ ಉಳಿಯುತ್ತದೆಯೇ, ಅಥವಾ ರೈತ ವರ್ಷವರ್ಷವೂ ಹೊಸ ಪೊಟ್ಟಣಕ್ಕೆ ಕೈ ಚಾಚಬೇಕೇ ಎನ್ನುವುದು ಪ್ರಶ್ನೆ. ಅದನ್ನು ತಿಳಿಯಲು ನೆಲಮಂಗಲದ ಅರಿಶಿನಕುಂಟೆಯಿಂದ ಹಿಡಿದು ಮಾಕಳಿದುರ್ಗದ ತಪ್ಪಲಿನವರೆಗೆ, ಅಲ್ಲೊಬ್ಬ ಇಲ್ಲೊಬ್ಬ ರೈತನ ಹೊಲದ ಮೂಲೆಯಲ್ಲಿ ಒಂದೊಂದು ಪಾತಿ ಮಾಡಿದ್ದರು.

ಕುಂದಾಣದಾಚೆ ಕೆರೆ ಏರಿ ದಾಟಿದರೆ ಸಿಗುವ ಹಳ್ಳಿಯಲ್ಲಿ ಮುನಿಶಾಮಪ್ಪನ ಪಾತಿ. ಆದಿನಾರಾಯಣಪ್ಪ ಏರಿಯ ಮೇಲೆ ಅರ್ಧ ದಾರಿ ನಡೆದಿರಬೇಕು, ಏರಿಯ ಕೆಳಗಿನ ಮೆಳೆಯಿಂದ ಮುನಿಶಾಮಪ್ಪನ ತಮ್ಮ ಹನುಮಂತರಾಯಪ್ಪ ಹೆಗಲ ಮೇಲೆ ಎರಡು ಹಸಿ ಬಿದಿರು ಹೊತ್ತು ಅವಸರವಾಗಿ ಬರುತ್ತಿದ್ದ. ಮಾತಿಗೆ ನಿಲ್ಲುವವನಲ್ಲ ಅವನು. ಇವನನ್ನು ಕಂಡು ನಿಂತ.

"ಏನ್ ಸಾಹೇಬ್ರೆ, ಇಷ್ಟೊತ್ಗೇ?"

"ಮಣ್ಣಿಗೆ ಬಂದೆ ಕಣಪ್ಪಾ," ಎಂದು ಆದಿನಾರಾಯಣಪ್ಪ ನಗುತ್ತ ಹೇಳಿದ.

ಹನುಮಂತರಾಯಪ್ಪನ ಹೆಗಲಿನಿಂದ ಬಿದಿರು ಜಾರಿ ಏರಿಯ ಕಲ್ಲಿಗೆ ಬಡಿಯಿತು. ಅವನು ಮುಂದೆ ಬಂದು ಇವನ ಎರಡೂ ಕೈಗಳನ್ನು, ಫ್ಲಾಸ್ಕು ಕೋಲುಗಳ ಸಮೇತ, ಹಿಡಿದುಕೊಂಡ.

"ಯಾರ್ ಹೇಳಿದ್ರು ಸಾಹೇಬ್ರೆ ನಿಮಗೆ? ಜೀವ ಹೋಗಿದ್ದು ಕೋಳಿ ಕೂಗೋ ಹೊತ್ನಾಗೆ. ಬೆಂಗಳೂರ್ ತಂಕ ಸುದ್ದಿ ಹೆಂಗ್ ಬಂತು? ಹೆಂಗಾರ ಬಂದ್ರಲ್ಲ, ಅಷ್ಟೇ ಸಾಕು. ಅಣ್ಣನ ಋಣ ದೊಡ್ದು."

ಆದಿನಾರಾಯಣಪ್ಪನ ಬಾಯಲ್ಲಿದ್ದ ನಗು ಎಲ್ಲಿಗೆ ಹೋಗಬೇಕೋ ತಿಳಿಯದೆ ಹಾಗೇ ನಿಂತಿತು. ಆ ಸೀಮೆಯಲ್ಲಿ ಹುಟ್ಟಿದ ಯಾರಿಗೂ 'ಮಣ್ಣಿಗೆ ಬಂದೆ' ಅನ್ನುವುದಕ್ಕೆ ಇರುವುದು ಒಂದೇ ಅರ್ಥ: ಹೂಳುವುದಕ್ಕೆ ಬಂದೆ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು. ಆ ಮಾತು ಅವನ ಮತ್ತು ಮುನಿಶಾಮಪ್ಪನ ನಡುವಿನ ತಮಾಷೆಯಾಗಿತ್ತು. ಬೇರೆ ಮನೆ ಮಾಡಿಕೊಂಡಿದ್ದ ತಮ್ಮನಿಗೆ ಆ ತಮಾಷೆ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಮೊದಲ ಸಲ ಬಂದಾಗ ಅವನು ನಿಜವಾಗಿಯೂ ಬಾಯಿತಪ್ಪಿ ಹಾಗೆಂದಿದ್ದ. ಪ್ರಯೋಗಾಲಯದಲ್ಲಿ ಬೆಳಗಿನಿಂದ ಸಂಜೆವರೆಗೂ ಮಣ್ಣು, ಮಣ್ಣು ಎಂದು ನಾಲಿಗೆ ಪಳಗಿತ್ತು. ಜಗಲಿ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ ಮುನಿಶಾಮಪ್ಪನಿಗೆ, "ಯಜಮಾನ್ರೆ, ಮಣ್ಣಿಗೆ ಬಂದೆ," ಎಂದುಬಿಟ್ಟಿದ್ದ. ಮುನಿಶಾಮಪ್ಪ ಬೀಡಿ ಬಿಸಾಕಿ, "ಬುಡ್ತು ಅನ್ನಿ ಸಾಹೇಬ್ರೆ, ಬುಡ್ತು ಅನ್ನಿ! ಮೂರ್ ಹೊತ್ತೂ ಮುದ್ದೆ ನುಂಗ್ತಾ ಕುಂತಿವ್ನಿ," ಎಂದು ಎದ್ದು ನಿಂತಿದ್ದ. ಆಮೇಲೆ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅಂದಿನಿಂದ ಅವನು ಬಂದಾಗಲೆಲ್ಲ ಮುನಿಶಾಮಪ್ಪ ಒಳಗೆ ಕೂಗುತ್ತಿದ್ದ: "ಸೊಣ್ಣೀ, ಸಾಹೇಬ್ರು ಮಣ್ಣಿಗೆ ಬಂದವ್ರೆ, ಕಾಫಿಗಿಡಮ್ಮಿ. ನಾನೂ ಒಂದ್ ಲೋಟ ಕುಡ್ದು ಆಮ್ಯಾಕೆ ಸಾಯ್ತೀನಿ."

"ನಿಮ್ಮ ಬಾಯಿಗೆ ಬೆಂಕಿ ಬೀಳ," ಎಂದು ಸೊಣ್ಣಮ್ಮ ಒಳಗಿನಿಂದ ಬೈಯುತ್ತಿದ್ದಳು.

ಏರಿಯ ಮೇಲೆ ನಿಂತ ಆದಿನಾರಾಯಣಪ್ಪ ಹನುಮಂತರಾಯಪ್ಪನಿಗೆ ನಿಜ ಹೇಳಲಿಲ್ಲ. ಬಿದ್ದಿದ್ದ ಬಿದಿರಿನ ಒಂದು ತುದಿಯನ್ನು ತಾನೇ ಎತ್ತಿ ಹೆಗಲಿಗಿಟ್ಟುಕೊಂಡ. ಅದು ಚಟ್ಟಕ್ಕೆ ಎಂದು ಎತ್ತಿದ ಮೇಲೆ ಹೊಳೆಯಿತು.

*

ಮನೆಯ ಮುಂದೆ ಆಗಲೇ ಜನ ಸೇರಿದ್ದರು. ಮುನಿಶಾಮಪ್ಪನನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಗದ್ದಕ್ಕೆ ಬಟ್ಟೆ ಕಟ್ಟಿದ್ದರು. ಅದೇ ಜಗಲಿ, ಅದೇ ಗೋಡೆ. ಆದಿನಾರಾಯಣಪ್ಪ ಕಬ್ಬಿಣದ ಕೋಲನ್ನೂ ಫ್ಲಾಸ್ಕನ್ನೂ ಯಾರಿಗೂ ಕಾಣದ ಹಾಗೆ ಹುಲ್ಲಿನ ಮೆದೆಯ ಹಿಂದೆ ಇಟ್ಟು ಬಂದ.

ಸೊಣ್ಣಮ್ಮ ಅವನನ್ನು ಕಂಡವಳೇ ಎದೆ ಬಡಿದುಕೊಂಡು ಗಂಡನ ಕಡೆ ತಿರುಗಿದಳು. "ಎದ್ದೇಳಿ ಅಂದ್ರೆ ಏಳ್ತಿಲ್ವಲ್ಲಾ! ಸಾಹೇಬ್ರು ಬಂದವ್ರೆ, ನೋಡೋ ನನ್ನೊಡೆಯಾ. ಹುಲ್ಲು ತೆಗೀಬೇಕು ಎಬ್ಬಿಸಮ್ಮಿ ಅಂತ ಹೇಳಿ ಮಲಗಿದ್ದೆಯಲ್ಲೋ. ಎಬ್ಬಿಸಿದ್ರೆ ಎದ್ದೇ ಇಲ್ವಲ್ಲೋ…"

ಹುಲ್ಲು ತೆಗೆಯುವುದು ಏನೆಂದು ಆದಿನಾರಾಯಣಪ್ಪನಿಗೆ ಅರ್ಥವಾಗಲಿಲ್ಲ. ಅಳುವಿನಲ್ಲಿ ಬರುವ ಮಾತುಗಳಿಗೆ ಅರ್ಥ ಹುಡುಕುವ ಹೊತ್ತೂ ಅದಲ್ಲ. ಅವನು ಹೂವಿಟ್ಟು, ಕಾಲು ಮುಟ್ಟಿ, ಗಂಡಸರ ಗುಂಪಿನಲ್ಲಿ ಹೋಗಿ ನಿಂತ.

ಗುಂಪಿನಲ್ಲಿ ಸಣ್ಣ ದನಿಯ ಮಾತು ನಡೆದಿತ್ತು. ಕೊಂಡಪ್ಪ ಎಂಬ ಹಿರಿಯ, ಮುನಿಶಾಮಪ್ಪನ ವಾರಗೆಯವನು, ಸತ್ತವನ ಹೊಲದಲ್ಲೇ ಗುಂಡಿ ತೋಡಲು ಹೋದವರು ಇನ್ನೂ ಬಂದಿಲ್ಲವೆಂದು ಗೊಣಗುತ್ತಿದ್ದ.

"ಬ್ಯಾಡ್ರಪ್ಪಾ, ಸಾಹೇಬ್ರ ಪಾತಿ ಕಡೆ ಮಾತ್ರ ಗುದ್ಲಿ ಹಾಕ್ಬ್ಯಾಡ್ರಿ ಅಂತ ಹೇಳಿ ಕಳಿಸೀವ್ನಿ," ಎಂದು ಅವನು ಆದಿನಾರಾಯಣಪ್ಪನಿಗೆ ಹೇಳಿದ. "ನಾವು ಆ ಪಾತಿ ಮ್ಯಾಲೆ ಕಾಲಿಟ್ರೆ ಶಾಮಣ್ಣ ಚಟ್ಟದ ಮ್ಯಾಲಿಂದ್ಲೇ ಎದ್ದು ಒದೀತಾನೆ."

ಒಬ್ಬಿಬ್ಬರು ನಕ್ಕು, ತಟ್ಟನೆ ಬಾಯಿ ಮುಚ್ಚಿಕೊಂಡರು.

ಆ ಪಾತಿ ಆದಿನಾರಾಯಣಪ್ಪನಿಗೆ ಎಷ್ಟು ಮುಖ್ಯವೆಂದು ಅವರಿಗೆಲ್ಲ ಅರೆಬರೆ ಗೊತ್ತಿತ್ತು. ಮೊದಲ ಬೇಸಿಗೆ ಕಳೆದ ಮೇಲೆ, ಎಪ್ಪತ್ತನೇ ಇಸವಿಯ ಜೂನ್‌ನಲ್ಲಿ, ಎಲ್ಲ ಪಾತಿಗಳ ಮಣ್ಣನ್ನೂ ತಂದು ಎಣಿಸಿದಾಗ ಒಂದು ಗ್ರಾಂ ಮಣ್ಣಿಗೆ ಇಪ್ಪತ್ತರ ಆಸುಪಾಸು ಬ್ಯಾಕ್ಟೀರಿಯಾಗಳು ಉಳಿದಿದ್ದವು. ಬೆಳೆ ನಿಂತಾಗ ಅದೇ ಮಣ್ಣಿನಲ್ಲಿ ಹತ್ತಾರು ಸಾವಿರ ಇದ್ದವು. ಆ ಮುಂಗಾರಿನಲ್ಲಿ ಬೀಜ ಕೊಡಲು ಬಂದವನು ಮುನಿಶಾಮಪ್ಪನ ಹೊಲದ ಬದುವಿನ ಮೇಲೆ ಸುಮ್ಮನೆ ಕೂತುಬಿಟ್ಟಿದ್ದ.

"ಯಾಕ್ ಸಾಹೇಬ್ರೆ, ಮಕ ಹಿಂಗಾಗೈತೆ?"

"ಸತ್ತುಹೋಗಿವೆ ಯಜಮಾನ್ರೆ."

"ಯಾರು?"

"ಈ ಮಣ್ಣಲ್ಲಿ ಬಿಟ್ಟಿದ್ದೆವಲ್ಲ, ಆ ಜೀವಗಳು. ಬಿಸಿಲಿಗೆ. ಸಾವಿರಕ್ಕೊಂದು ಉಳಿದಿರಬಹುದು."

ಮುನಿಶಾಮಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಪಾತಿಯನ್ನೇ ನೋಡಿದ. "ಅಷ್ಟೊಂದಾ?" ಅಂದ.

ಉಳಿದವುಗಳ ಮೇಲೆಯೇ ಆ ವರ್ಷ ಎಲ್ಲ ಕಡೆ ಪುಡಿ ಮೆತ್ತದ ಬರೀ ಬೀಜ ಬಿತ್ತಿದರು. ಎಪ್ಪತ್ತೊಂದರ ಜೂನ್‌ನಲ್ಲಿ ಮತ್ತೆ ಎಣಿಸಿದಾಗ ಬೇರೆ ಪಾತಿಗಳೆಲ್ಲ ಹಿಂದಿನಂತೆಯೇ ಇದ್ದವು. ಮುನಿಶಾಮಪ್ಪನ ಪಾತಿಯಲ್ಲಿ ಮಾತ್ರ ಗ್ರಾಂಗೆ ಸಾವಿರದ ಮುನ್ನೂರು. ಆದಿನಾರಾಯಣಪ್ಪ ನಂಬದೆ ಎರಡನೇ ಸಲ ಎಣಿಸಿದ. ಅದೇ ಬಂತು. ವಿಭಾಗದ ಮುಖ್ಯಸ್ಥರು ಕನ್ನಡಕ ಹಣೆಗೇರಿಸಿ, "ಇದು ಬಿಸಿಲು ತಡೆಯುವುದನ್ನು ಕಲಿತ ತಳಿ ಕಣಯ್ಯ," ಎಂದಿದ್ದರು. ಇನ್ನೊಂದು ಬೇಸಿಗೆ ದಾಟಿ ಉಳಿದರೆ ಆ ಪಾತಿಯ ಬೇರಿನ ಗಂಟಿನಿಂದಲೇ ಬ್ಯಾಕ್ಟೀರಿಯಾ ಬೆಳೆಸಿ ಪೊಟ್ಟಣ ಮಾಡುವುದು, ಸುತ್ತಲ ತಾಲ್ಲೂಕುಗಳಿಗೆಲ್ಲ ಹಂಚುವುದು ಎಂದು ನಿಶ್ಚಯವಾಗಿತ್ತು. ಒಮ್ಮೆ ಕೊಂಡರೆ ಸಾಕು, ಮತ್ತೆ ಕೊಳ್ಳಬೇಕಿಲ್ಲ. ಆ ತಳಿಯ ಮೇಲೆ ಆದಿನಾರಾಯಣಪ್ಪ ಬರೆದಿದ್ದ ಪ್ರಬಂಧ ಅರ್ಧ ಬೆರಳಚ್ಚಾಗಿ ಈ ದಿನದ ಮಣ್ಣಿಗಾಗಿ ಕಾಯುತ್ತಿತ್ತು.

*

ಮಧ್ಯಾಹ್ನಕ್ಕೆ ಚಟ್ಟ ಎದ್ದಿತು. ತಮಟೆಯವರು ಮುಂದೆ, ಪುರಿ ಎರಚುವವರು ಪಕ್ಕದಲ್ಲಿ. ಆದಿನಾರಾಯಣಪ್ಪನೂ ಸ್ವಲ್ಪ ದೂರ ಹೆಗಲು ಕೊಟ್ಟ. ಕಟ್ಟು ಬಿಗಿದ ಹಗ್ಗ ಕಾಲರಿನ ಹತ್ತಿರ ಉಜ್ಜುತ್ತಿತ್ತು. ಆಳು ಸಣಕಲು, ಆದರೂ ಭಾರವಿದ್ದ.

ಹೊಲದ ಬದು ಹತ್ತಿದಾಗ ಅವನು ಪಾತಿಯನ್ನು ನೋಡಿದ.

ಬರಿ ಮಣ್ಣು ಕಾಣಬೇಕಾದಲ್ಲಿ ರಾಗಿ ಹುಲ್ಲು ದಪ್ಪನಾಗಿ ಹಾಸಿತ್ತು. ಹುಲ್ಲು ಹಾರದಂತೆ ಅಲ್ಲಲ್ಲಿ ತೆಂಗಿನ ಗರಿ, ಗರಿಯ ಮೇಲೆ ಕಲ್ಲು. ನಾಲ್ಕು ಮೂಲೆಗಳಲ್ಲಿ ಪಾತಿಗೆ ಗುರುತಾಗಿ ಅವನೇ ನೆಟ್ಟಿದ್ದ ಗೂಟಗಳು ಹುಲ್ಲಿನಿಂದ ತಲೆ ಹೊರಗೆ ಹಾಕಿದ್ದವು. ಬದುವಿನ ಬುಡದಲ್ಲಿ ಒಂದು ಬಿಂದಿಗೆ ಕವುಚಿ ಹಾಕಿತ್ತು. ಚಟ್ಟ ಹೊತ್ತವರು ಪಾತಿಯ ಹತ್ತಿರ ಬಂದಾಗ ಯಾರೂ ಹೇಳದೆಯೇ ಸಾಲು ಮುರಿದು, ಇಕ್ಕಟ್ಟಾದ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಕಾಲು ಹುಡುಕುತ್ತ, ಸುತ್ತಿ ಹೋದರು. ಒಂದು ಕಡೆ ಚಟ್ಟ ವಾಲಿತು. "ಹುಷಾರು, ಹುಷಾರು ಕಣ್ರಲಾ," ಎಂದು ಕೊಂಡಪ್ಪ ಕೂಗಿದ. ಹುಷಾರು ಅಂದಿದ್ದು ಹೆಣಕ್ಕೋ ಪಾತಿಗೋ ತಿಳಿಯಲಿಲ್ಲ.

ಹೂಳುವಾಗ ತಮ್ಮ ಮೊದಲು ಮೂರು ಹಿಡಿ ಹಾಕಿದ. ನಂಟರು ಹಾಕಿದರು. ಆದಿನಾರಾಯಣಪ್ಪನ ಸರದಿ ಬಂತು. ಗುಂಡಿಯ ಪಕ್ಕದ ರಾಶಿಯಲ್ಲಿ ಮೇಲಿನ ಕೆಂಪು ಮಣ್ಣೂ ಆಳದ ಬೆಳ್ಳಗಿನ ಗರಸೂ ಬೆರೆತಿದ್ದವು. ಅವನು ಮೂರು ಸಲ ಕೈ ತುಂಬಿಕೊಂಡು ಬಗ್ಗಿ ಹಾಕಿದ. ಮಣ್ಣು ಬಿದ್ದ ಸದ್ದು ಮೊದಲನೆಯ ಸಲ ಬಟ್ಟೆಯ ಮೇಲೆ ಬಿದ್ದ ಸದ್ದು, ಮೂರನೆಯ ಸಲ ಮಣ್ಣಿನ ಮೇಲೆ ಮಣ್ಣು ಬಿದ್ದ ಸದ್ದು.

ಎಲ್ಲರೂ ಬಾವಿಯ ಕಡೆ ಸ್ನಾನಕ್ಕೆ ಹೊರಟ ಮೇಲೆ ಹನುಮಂತರಾಯಪ್ಪ ಹಿಂದುಳಿದು ಅವನ ಹತ್ತಿರ ಬಂದ. ತಲೆ ಬಗ್ಗಿಸಿಕೊಂಡಿದ್ದ.

"ತಪ್ಪು ತಿಳ್ಕಬ್ಯಾಡಿ ಸಾಹೇಬ್ರೆ. ಅಣ್ಣ ಬ್ಯಾಸಿಗೆಯೆಲ್ಲಾ ಹಿಂಗ್ ಮುಚ್ಚಿಟ್ಟು, ನೀವು ಬರೋಕ್ ಮುಂಚೆ ಹುಲ್ಲೆಲ್ಲಾ ತೆಗೆದು ಹಸನು ಮಾಡಿಡೋನು. ಹೋದ ವರ್ಷನೂ ಹಂಗೇ ಮಾಡಿದ್ದ. ಈ ಸಲಿ ಕೈಲಾಗ್ನಿಲ್ಲ. ನಿನ್ನೆ ಸಂಜೇನೂ ಉಬ್ಬಸ ಹಾಕ್ಕೊಂಡು ಬಾವಿಯಿಂದ ನೀರು ಹೊತ್ತ. ಬ್ಯಾಡಣ್ಣ ಅಂದ್ರೆ, ನಾಳೆ ಸಾಹೇಬ್ರು ಮಣ್ಣಿಗೆ ಬರ್ತಾರೆ ಕಣೋ, ಇವತ್ತೊಂದಿನ ತಂಪಾಗಿರ್ಲಿ ಅಂದ."

ಆದಿನಾರಾಯಣಪ್ಪ ಪಾತಿಯ ಹತ್ತಿರ ಹೋದ. ಕೂತು ಹುಲ್ಲಿನ ಒಂದು ಅಂಚನ್ನು ಎತ್ತಿದ. ಕೆಳಗೆ ಮಣ್ಣು ಕಪ್ಪಗೆ ತೇವವಾಗಿತ್ತು. ಮಣ್ಣಿಗೂ ಹುಲ್ಲಿಗೂ ನಡುವೆ ಬೇವಿನ ಸೊಪ್ಪಿನ ಒಂದು ಹಾಸು ಇತ್ತು. ಕೆಲವು ಎಲೆ ಬಾಡಿ ಹಳದಿಯಾಗಿದ್ದವು, ಕೆಲವು ಇನ್ನೂ ಹಸಿರಾಗಿದ್ದವು. ಬೇವು ಬ್ಯಾಕ್ಟೀರಿಯಾಗಳಿಗೆ ಒಳ್ಳೆಯದಲ್ಲ ಎಂದು ಅವನ ಮನಸ್ಸು ತನ್ನಷ್ಟಕ್ಕೆ ಹೇಳಿತು. ನೆರಳು ಮತ್ತು ನೀರು ಅದನ್ನೂ ಮೀರಿ ಅವುಗಳನ್ನು ಕಾಪಾಡಿದ್ದವು. ಬಿಸಿಲು ತಡೆಯಲು ಕಲಿತ ತಳಿ ಯಾವುದೂ ಇರಲಿಲ್ಲ. ಬಿಸಿಲೇ ಅವುಗಳ ಮೇಲೆ ಬಿದ್ದಿರಲಿಲ್ಲ.

"ತಗೊಳ್ಳಿ ಸಾಹೇಬ್ರೆ, ನಿಮ್ಮ ಮಣ್ಣು," ಎಂದ ಹನುಮಂತರಾಯಪ್ಪ. "ಅದಕ್ಕೇ ಅಲ್ವಾ ಅವನು ಇಷ್ಟೆಲ್ಲಾ…"

ಆಗ ಆದಿನಾರಾಯಣಪ್ಪನಿಗೆ ಗೊತ್ತಾಯಿತು. ತಾನು ಯಾವ ಮಣ್ಣಿಗೆ ಬಂದವನೆಂದು ಇವನಿಗೆ ಏರಿಯ ಮೇಲೆ ಸಾವಿನ ಅವಸರದಲ್ಲಿ ಹೊಳೆಯದಿದ್ದರೂ, ಅಣ್ಣನ ನಿನ್ನೆಯ ಮಾತು ನೆನಪಾಗಿ ಆಮೇಲೆ ತಿಳಿದಿತ್ತು. ಮೆದೆಯ ಹಿಂದಿನಿಂದ ಕೋಲನ್ನೂ ಫ್ಲಾಸ್ಕನ್ನೂ ತಂದು ಬದುವಿನ ಮೇಲೆ ಇಟ್ಟಿದ್ದವನೂ ಅವನೇ. ಫ್ಲಾಸ್ಕಿನಲ್ಲಿ ಮಂಜುಗಡ್ಡೆ ಕರಗಿ ಚೂರುಗಳಷ್ಟೇ ಉಳಿದಿದ್ದವು.

ಅವನು ಮಣ್ಣು ತೆಗೆದ. ಯಾಕೆಂದು ಅವನನ್ನೇ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಆ ಮಣ್ಣಿನಿಂದ ಪ್ರಬಂಧಕ್ಕೆ ಏನೂ ಆಗಬೇಕಿರಲಿಲ್ಲ. ತನಗಾಗಿ ತಂಪಾಗಿ ಇಟ್ಟಿದ್ದನ್ನು ಬಿಟ್ಟು ಹೋಗುವುದು ಅವನಿಂದ ಆಗಲಿಲ್ಲ.

*

ಮೂರನೆಯ ದಿನ, ಹಾಲುತುಪ್ಪಕ್ಕೆ, ಅವನು ಬರಿಗೈಯಲ್ಲಿ ಮತ್ತೆ ಬಂದ. ಊಟ ಮುಗಿದು ಜನ ಚದುರಿದ ಮೇಲೆ ಸೊಣ್ಣಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದಳು. ಬಳೆಯಿಲ್ಲದ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

"ಕೋಪ ಮಾಡ್ಕೊಂಡ್ರಾ ಸಾಹೇಬ್ರೆ?"

"ಇಲ್ಲಮ್ಮಾ."

"ಸಾಹೇಬ್ರಿಗೆ ಹೇಳಿಬಿಡಿ ಅಂತ ನಾನು ಅವ್ರಿಗೆ ಅಂತಿದ್ದೆ. ಅವ್ರು, ಹೇಳಿದ್ರೆ ಸಾಹೇಬ್ರು ಬ್ಯಾಡ ಅಂತಾರೆ, ಬ್ಯಾಡ ಅಂದ್ರೆ ಅವು ಸಾಯ್ತವೆ ಅಂತಿದ್ರು." ಅವಳು ಕಂಬದಿಂದ ಬೆನ್ನೆತ್ತಿ ಕೂತಳು. "ನಮಗೊಂದು ಗಂಡುಮಗಾ ಇತ್ತು. ನಾಲ್ಕು ವರ್ಷದ್ದು. ಬೆಳ್ಳಿಚುಕ್ಕಿಯಂಗಿತ್ತು. ಬ್ಯಾಸಿಗೇಲಿ ಅಮ್ಮ ಎದ್ದುಬಿಡ್ತು ಮೈಮ್ಯಾಲೆ. ಬೇವಿನ ಸೊಪ್ಪು ಹಾಸಿ ಮಲಗಿಸಿ ಬೇವಿನ ಸೊಪ್ಪಲ್ಲೇ ಬೀಸ್ತಿದ್ವಿ. ಆವಾಗ ಅವ್ರು ಮನೇಲಿರ್ನಿಲ್ಲ, ಗಾಡಿ ಬಾಡಿಗೆಗೆ ಹೋಗಿದ್ರು. ಬರೋದ್ರಾಗೆ ಮಣ್ಣಾಗಿತ್ತು. ನಾನಿದ್ದಿದ್ರೆ ಒದ್ದೆ ಬಟ್ಟೆ ಹಾಕಿ ಉಳಿಸ್ಕೋತಿದ್ದೆ ಅಂತ ಸಾಯೋ ತಂಕ ಅಂದ್ರು. ಅಮ್ಮ ಆಡೋ ಮಗೂಗೆ ಒದ್ದೆ ಬಟ್ಟೆ ಹಾಕ್ತಾರಾ ಸಾಹೇಬ್ರೆ? ಹಾಕಲ್ಲ. ಅದು ಅವ್ರಿಗೂ ಗೊತ್ತಿತ್ತು."

ಹೊರಗೆ ಕೊಟ್ಟಿಗೆಯಲ್ಲಿ ಹಸು ಗಂಟೆ ಅಲ್ಲಾಡಿಸಿತು.

"ನೀವು ಆವತ್ತು ಬದಿನ್ ಮ್ಯಾಲೆ ಕುಂತು, ಬಿಸಿಲಿಗೆ ಸತ್ತೋದ್ವು ಅಂದ್ರಂತಲ್ಲ. ಮನೆಗ್ ಬಂದು ಉಣ್ಣಲಿಲ್ಲ ಅವ್ರು. ಮಾಗಿ ಮುಗೀತಿದ್ದಂಗೆ ಸೊಪ್ಪು ಕಡಿಯೋಕ್ ಹೋದ್ರು. ಊರೋರೆಲ್ಲಾ ನಗೋರು. ಶಾಮಣ್ಣ ಹೊಲಕ್ಕೆ ಹೊದಿಕೆ ಹೊದಿಸ್ತಾನೆ, ಇನ್ನೇನು ಜೋಗುಳ ಹಾಡ್ತಾನೆ ಅಂತ."

ಹೊರಡುವಾಗ ಆದಿನಾರಾಯಣಪ್ಪ ಎದ್ದು ನಿಂತು ಬಾಯಿ ತೆರೆದ. ಸಾವಿನ ಮನೆಯಿಂದ ಹೊರಡುವವರು 'ಬರ್ತೀನಿ' ಅನ್ನುವುದಿಲ್ಲ. ಅವನು ಸುಮ್ಮನೆ ತಲೆಬಾಗಿಲು ದಾಟಿದ.

ಗಾಜಿನ ಕೊಳವೆಗಳಲ್ಲಿ ಸೋಯಾ ಸಸಿ ಎಬ್ಬಿಸಿ, ಆ ಮಣ್ಣಿನ ನೀರನ್ನು ಹಂತಹಂತವಾಗಿ ಹತ್ತು ಪಟ್ಟು ತೆಳುಮಾಡುತ್ತ ಬೇರಿಗೆ ಹಾಕಿ, ನಾಲ್ಕು ವಾರ ಕಾದು, ಎಷ್ಟು ಸಸಿಯ ಬೇರಿನಲ್ಲಿ ಗಂಟಾಯಿತೆಂದು ನೋಡಿ ಲೆಕ್ಕ ಹಾಕಬೇಕು. ಹಾಕಿದ. ಹಿಂದಿನ ವರ್ಷದ ಆಜುಬಾಜಿನಲ್ಲೇ ಬಂತು. ಅದನ್ನು ತೋರಿಸಿ, ಹುಲ್ಲಿನ ವಿಷಯವನ್ನೂ ಮುಖ್ಯಸ್ಥರಿಗೆ ಹೇಳಿದ.

"ಪ್ರಬಂಧ ಅಲ್ಲಿಗೇ ನಿಲ್ಲಿಸು," ಎಂದರು. ಸ್ವಲ್ಪ ತಡೆದು, "ಇಲ್ಲ, ಒಂದು ಅನುಮಾನ ಉಳಿಯುತ್ತೆ. ಎರಡು ವರ್ಷ ನೆರಳಲ್ಲಿ ಬೆಳೆದಿದ್ದು ಈಗಲಾದರೂ ಗಟ್ಟಿಯಾಗಿದೆಯೇನೋ. ಇನ್ನೊಂದು ಬೇಸಿಗೆ ಬಿಟ್ಟು ನೋಡು. ಅರ್ಧ ಪಾತಿ ಮುಚ್ಚಿ, ಅರ್ಧ ಪಾತಿ ಬರಿದು. ಅದು ಬದುಕಿದರೆ ತಳಿ ಇದೆ. ಇಲ್ಲದಿದ್ದರೆ ಇಲ್ಲ. ರೈತರಿಗೆ ವರ್ಷವರ್ಷ ಪೊಟ್ಟಣ ಕೊಳ್ಳಿ ಅಂತಲೇ ಹೇಳಬೇಕಾಗುತ್ತೆ."

*

ಹಾಗಾಗಿ ಎಪ್ಪತ್ಮೂರನೇ ಇಸವಿಯ ಫೆಬ್ರವರಿಯಲ್ಲಿ ಆದಿನಾರಾಯಣಪ್ಪ ಹುರಿಹಗ್ಗ, ಸುತ್ತಿಗೆ, ಹೊಸ ಗೂಟಗಳೊಂದಿಗೆ ಆ ಹೊಲಕ್ಕೆ ಬಂದ. ಮುನಿಶಾಮಪ್ಪನನ್ನು ಹೂತ ಗುಡ್ಡೆಯ ಮೇಲೆ ಆಗಲೇ ಗರಿಕೆ ಹಬ್ಬಿ ಒಣಗಿತ್ತು. ಅವನು ಹೆದರಿದ್ದಂತೆಯೇ ಆಗಿತ್ತು. ಪಾತಿಯ ತುಂಬ ಬೇವಿನ ಸೊಪ್ಪು, ಹುಲ್ಲು, ಗರಿ. ಸೊಣ್ಣಮ್ಮ ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಬಾವಿಯ ಕಡೆಯಿಂದ ಬರುತ್ತಿದ್ದಳು.

ಅವನು ಎಲ್ಲವನ್ನೂ ನಿಧಾನವಾಗಿ ಬಿಡಿಸಿ ಹೇಳಿದ. ಊರಿನ ಎಲ್ಲ ಹೊಲಕ್ಕೂ ಯಾರೂ ಬಿಂದಿಗೆಯಲ್ಲಿ ನೀರು ಹೊರಲಾಗುವುದಿಲ್ಲ, ಸೊಪ್ಪು ಮುಚ್ಚಲಾಗುವುದಿಲ್ಲ. ಅವು ತಾವಾಗಿ ಬದುಕಬಲ್ಲವೇ ಎಂದು ಗೊತ್ತಾಗಬೇಕು. ಅದಕ್ಕೇ ಅರ್ಧ.

ಸೊಣ್ಣಮ್ಮ ಬಿಂದಿಗೆ ಇಳಿಸಲಿಲ್ಲ. ಕೇಳುತ್ತಲೇ ಇದ್ದಳು.

"ಅಂದ್ರೆ ಒಂದರ್ಧ ಸಾಯ್ಲಿ ಅಂತ."

"ಸಾಯಲಿ ಅಂತಲ್ಲಮ್ಮಾ. ಸಾಯ್ತವಾ ಇಲ್ವಾ ಅಂತ."

"ಯಾವರ್ಧ ಸಾಹೇಬ್ರೆ?"

ಅವನು ಹಗ್ಗ ಹಿಡಿದು ನಿಂತ. ಇಂಥ ಆಯ್ಕೆಗೆ ವಿಜ್ಞಾನದಲ್ಲಿ ಒಂದು ಸುಲಭ ದಾರಿಯಿದೆ. ಚೀಟಿ ಎತ್ತುವುದು, ಇಲ್ಲ ಕಾಸು ಚಿಮ್ಮುವುದು. ಯಾರ ಕೈಯೂ ಅದರಲ್ಲಿ ಇರಬಾರದು. ಜೇಬಿನಿಂದ ಹತ್ತು ಪೈಸೆ ತೆಗೆದು ಅದನ್ನೇ ಹೇಳಿದ. ಸೊಣ್ಣಮ್ಮ ಆ ಕಾಸನ್ನು ನೋಡಿ ಮುಖ ತಿರುಗಿಸಿದಳು.

"ನೀವೇ ಮಾಡ್ಕಳ್ಳಿ. ನನ್ ಕೈಲಿ ನೋಡಕ್ಕಾಗಲ್ಲ."

ಕಾಸು ಬಿತ್ತು. ಪಡುವಣ ಅರ್ಧ ಬರಿದು ಎಂದಾಯಿತು. ಗುಡ್ಡೆಯ ಕಡೆಯ ಅರ್ಧವೇ ಅದು. ಇನ್ನೊಮ್ಮೆ ಚಿಮ್ಮಿದರೆ ಆಗುತ್ತಿತ್ತು, ಅವನು ಚಿಮ್ಮಲಿಲ್ಲ. ಹಗ್ಗ ಕಟ್ಟಿ, ಗೂಟ ಬಡಿದ. ಹುಲ್ಲು ತೆಗೆಯಲು ಬಗ್ಗಿದಾಗ ಸೊಣ್ಣಮ್ಮ ಬಿಂದಿಗೆ ಇಳಿಸಿ ಬಂದು, "ಬಿಡಿ, ನೀವು ಕಿತ್ತರೆ ಸೊಪ್ಪೆಲ್ಲಾ ಹರೀತದೆ," ಎಂದು ತಾನೇ ತೆಗೆದಳು. ಮಲಗಿದವರ ಮೈಮೇಲಿಂದ ಕಂಬಳಿ ಸರಿಸುವಂತೆ ಒಂದೊಂದೇ ತಬ್ಬು ಎತ್ತಿದಳು. ತೇವದ ಮಣ್ಣು ಬಿಸಿಲಿಗೆ ಬಿದ್ದು ನೋಡನೋಡುತ್ತ ಬಣ್ಣ ಬದಲಾಯಿಸಿತು.

ಆ ಬೇಸಿಗೆ ಅವನು ಹಾದುಹೋಗುವಾಗಲೆಲ್ಲ ನೋಡಿದ. ಅವಳು ಮಾತಿಗೆ ತಪ್ಪಿರಲಿಲ್ಲ. ಮೂಡಣ ಅರ್ಧಕ್ಕೆ ನೀರು ಹಾಕುವಾಗ ಹಗ್ಗದಿಂದ ಈಚೆಗೆ ಹನಿಯೂ ಬೀಳದಂತೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಕೊಂಡಪ್ಪ ಒಮ್ಮೆ ಬದುವಿನಾಚೆಯಿಂದ, "ಏನ್ ಸೊಣ್ಣಕ್ಕಾ, ಒಂದ್ ಮಗೀಗೆ ಹಾಲು, ಒಂದ್ ಮಗೀಗೆ ಉಪಾಸ," ಎಂದು ರೇಗಿಸಿದ. ಅವಳು ಕೈಗೆ ಸಿಕ್ಕ ಹೆಂಟೆ ತೆಗೆದು ಅವನ ಕಡೆ ಎಸೆದಳು. ಅದು ಗುರಿ ತಪ್ಪಲಿಲ್ಲ. ಕೊಂಡಪ್ಪ ಮೊಣಕಾಲು ಉಜ್ಜಿಕೊಂಡು, ಬೈಯದೆ ಹೋದ. ಏಪ್ರಿಲ್ ಹೊತ್ತಿಗೆ ಪಡುವಣ ಅರ್ಧ ಸುಟ್ಟ ಹೆಂಚಿನ ಬಣ್ಣಕ್ಕೆ ತಿರುಗಿ ಮೇಲೆ ಹೆಪ್ಪು ಕಟ್ಟಿತು. ಮಧ್ಯಾಹ್ನ ಅದರ ಮೇಲೆ ಅಂಗೈ ಇಟ್ಟರೆ ಹತ್ತು ಎಣಿಸುವಷ್ಟು ಹೊತ್ತು ತಡೆಯಲಾಗುತ್ತಿರಲಿಲ್ಲ.

ಜೂನ್ ಮೊದಲ ವಾರ ಎರಡೂ ಅರ್ಧಗಳ ಮಣ್ಣನ್ನು ಬೇರೆ ಬೇರೆ ಚೀಲಗಳಲ್ಲಿ ತೆಗೆದುಕೊಂಡು ಹೋದ. ಈ ಸಲ ಸೊಣ್ಣಮ್ಮ ಹೊಲಕ್ಕೆ ಬರಲಿಲ್ಲ.

ಸಸಿಗಳ ಬೇರು ನೋಡಿ ಮುಗಿಸಿ, ಲೆಕ್ಕ ಮಾಡಿ, ಜುಲೈನಲ್ಲಿ ಅವನು ಕುಂದಾಣಕ್ಕೆ ಬಂದ. ಕಾಗದ ಹಾಕಿದ್ದರೆ ಆಗುತ್ತಿತ್ತು. ಆದರೆ ಅವಳಿಗೆ ಯಾರೋ ಓದಿ ಹೇಳಬೇಕು, ಅದು ಅವನಿಗೆ ಸರಿಬರಲಿಲ್ಲ. ಒಂದೆರಡು ಹದ ಮಳೆಯಾಗಿ ಏರಿಯ ಕೆಳಗಿನ ಹೊಲಗಳಲ್ಲಿ ಕುಂಟೆ ಆಡುತ್ತಿತ್ತು. ಸೊಣ್ಣಮ್ಮ ಅಂಗಳದಲ್ಲಿ ಬಿತ್ತನೆ ರಾಗಿ ಕೇರುತ್ತಿದ್ದಳು. ಮೊರ ಪಕ್ಕಕ್ಕಿಟ್ಟು, ಕೂರಲು ಚಾಪೆ ಹಾಕಿದಳು. ಕಾಫಿ ತಂದಿಟ್ಟಳು. ಅವನು ಕುಡಿದು ಮುಗಿಸುವವರೆಗೆ ಏನೂ ಕೇಳಲಿಲ್ಲ.

ಮುಚ್ಚಿದ ಅರ್ಧದ ಸಂಖ್ಯೆಯನ್ನು ಮೊದಲು ಹೇಳಬೇಕೆಂದು ಅವನು ದಾರಿಯುದ್ದಕ್ಕೂ ನಿರ್ಧರಿಸಿಕೊಂಡು ಬಂದಿದ್ದ. ಅದು ಸಾವಿರ ದಾಟಿತ್ತು. ಅಷ್ಟು ಅವಳು ನೀರು ಹೊತ್ತಿದ್ದಕ್ಕೆ ಸಲ್ಲಬೇಕಾದದ್ದು. ಆದರೆ ಅವನು ಬಾಯಿ ತೆರೆಯುವ ಮೊದಲೇ ಅವಳು ಕೈಯೆತ್ತಿ ತಡೆದಳು.

"ನೀರು ಕುಡಿದವು ಬದುಕಿರ್ತವೆ, ಅದು ನಂಗೊತ್ತು. ಆ ಕಡೇವು ಹೇಳಿ."

"ಪ್ರಯೋಗ ಇಲ್ಲಿಗೆ ಮುಗೀತಮ್ಮಾ," ಎಂದ ಆದಿನಾರಾಯಣಪ್ಪ. "ಇನ್ನು ಮುಂದೆ ರೈತರು ಪ್ರತಿ ವರ್ಷ ಹೊಸದಾಗಿ ಬೀಜಕ್ಕೆ ಮೆತ್ತಬೇಕು ಅಂತ ಬರೆದು ಕೊಟ್ಟಿದೀನಿ."

"ನಾನು ಅದನ್ ಕೇಳ್ನಿಲ್ಲ. ಪೂರ್ತಾ ಹೋದ್ವಾ?"

"ಪೂರ್ತಾ ಹೋಗಿಲ್ಲ."

"ಎಷ್ಟವೆ?"

ಸ್ವಲ್ಪ ಇವೆ ಎಂದು ಹೇಳಿ ಎದ್ದುಬಿಡಬಹುದಿತ್ತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಲೋಟವನ್ನು ಕೆಳಗಿಟ್ಟು, ಪ್ರಯೋಗಾಲಯದಲ್ಲಿ ಹೇಳುವ ಹಾಗೆಯೇ, ಕೂಡಿಸದೆ ಕಳೆಯದೆ ಹೇಳಿದ. ಮುಚ್ಚದೆ ಬಿಟ್ಟ ಪಡುವಣ ಅರ್ಧದಲ್ಲಿ, ಒಂದು ಗ್ರಾಂ ಒಣ ಮಣ್ಣಿಗೆ, ಹದಿನೇಳು.